‘ಇತರೆ’ ಎಂದು ಬರೆದ ಪೆಟ್ಟಿಗೆ ಕೇಳಿ

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಹಳೆ ಕಾಗದಪತ್ರ ಇಡುವ ಆರ್ಕೈವ್ಸ್ ವಿಭಾಗಕ್ಕೆ ನಮ್ಮಂಥವರು ಹೋಗಬಹುದಾ ಎಂದು ಕೇಳಿದರೆ, ಖಂಡಿತ ಹೋಗಿ. ಆದರೆ ‘ಹಳೇದು ಎಂತಾದರೂ ಇದ್ದರೆ ತೋರಿಸಿ’ ಎಂದು ಮಾತ್ರ ಹೋಗಬೇಡಿ. ಗಾಜಿನ ಕಪಾಟಿನ ಮುಂದೆ ನಿಲ್ಲಿಸಿ ಹತ್ತು ನಿಮಿಷದಲ್ಲಿ ಸಾಗಹಾಕುತ್ತಾರೆ.

ಮಂಗಳೂರಿನ ಸುತ್ತಮುತ್ತ ಈಗ ವಿಶ್ವವಿದ್ಯಾನಿಲಯಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ಅವುಗಳಲ್ಲಿ ಒಂದರ ಗ್ರಂಥಾಲಯದಲ್ಲಿರುವ ಆರ್ಕೈವ್ಸ್ ವಿಭಾಗದ ಬಗ್ಗೆ. ಹೆಸರು ಬರೆಯುವುದಿಲ್ಲ. ಕೆಳಗೆ ಒಂದೆರಡು ದೂರು ಉಂಟು, ಅದು ಮೇಲಿನವರ ಕಣ್ಣಿಗೆ ಬಿದ್ದು ಕೊನೆಗೆ ಕೌಂಟರಿನಲ್ಲಿ ಕೂತ ಹುಡುಗರ ತಲೆಗೆ ಬರುವುದು ಬೇಡ. ಹೇಗೂ ದಕ್ಷಿಣ ಕನ್ನಡ, ಉಡುಪಿಯ ಯಾವ ಹಳೆ ಗ್ರಂಥಾಲಯಕ್ಕೆ ಹೋದರೂ ಈ ಮಾತಿನಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ನಾನು ಸಂಶೋಧಕನಲ್ಲ. ರಥಬೀದಿಯ ಹತ್ತಿರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದ ಕಂಪಾಸಿಟರ್. ಆಫ್‌ಸೆಟ್ ಮುದ್ರಣ, ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಬಂದ ಮೇಲೆ ನಮ್ಮ ಹಳೆ ಟ್ರೆಡಲ್ ಅಚ್ಚಿನ ಮೆಷಿನು ಗುಜರಿಗೆ ಹೋಯಿತು, ಮೊಳೆಗಳು ಕಿಲೋ ಲೆಕ್ಕದಲ್ಲಿ ಸೀಸದ ಬೆಲೆಗೆ ಹೋದವು, ನಾನು ಪ್ರೂಫ್ ತಿದ್ದುವ ಕೆಲಸಕ್ಕೆ ಹೋದೆ. ಈಗ ಮನೆಯಲ್ಲಿದ್ದೇನೆ. ಮಂಗಳೂರಿನಲ್ಲಿ ಮೊಳೆ ಪ್ರೆಸ್ಸುಗಳು ಎಲ್ಲೆಲ್ಲಿದ್ದವು, ಯಾವಾಗ ಬಾಗಿಲು ಹಾಕಿದವು ಎಂದು ಪಟ್ಟಿ ಮಾಡುವ ಒಂದು ಹುಚ್ಚು ಹತ್ತಿದೆ. ಸ್ವಿಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪ್ರೆಸ್ಸಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಲಗ್ನಪತ್ರಿಕೆ, ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್ ಹೊಡೆದು ಹೊಟ್ಟೆ ಹೊರೆದ ಒಂದು ಕೋಣೆಯ ಪ್ರೆಸ್ಸುಗಳನ್ನು ಕೇಳುವವರಿಲ್ಲ. ಅವುಗಳ ಹೆಸರು ಉಳಿದಿದ್ದರೆ ಅವು ಅಚ್ಚು ಹಾಕಿದ ಕಾಗದದ ಕೊನೆಯ ಸಾಲಿನಲ್ಲಿ ಮಾತ್ರ. 1867ರ ಕಾಯ್ದೆಯೊಂದು ಇತ್ತು. ಪುಸ್ತಕವಾಗಲಿ ಕರಪತ್ರವಾಗಲಿ, ಅಚ್ಚು ಹಾಕಿದವನ ಹೆಸರು ಮತ್ತು ಊರು ಅದರಲ್ಲಿ ಇರಲೇಬೇಕು ಎನ್ನುತ್ತಿತ್ತು. ಬ್ರಿಟಿಷರು ಅದನ್ನು ಮಾಡಿದ್ದು ಯಾರು ಏನು ಅಚ್ಚು ಹಾಕುತ್ತಾರೆಂದು ಕಣ್ಣಿಡಲಿಕ್ಕೆ. ಈಗ ನನ್ನಂಥವನಿಗೆ ಅದೇ ಆಧಾರ.

ಒಳಗೆ ಹೋಗುವ ಕ್ರಮ ಹೀಗೆ. ಆಧಾರ್ ಕಾರ್ಡಿನ ಪ್ರತಿ, ಒಂದು ಅರ್ಜಿ. ಅರ್ಜಿಯಲ್ಲಿ ‘ಸಂಶೋಧನೆಯ ವಿಷಯ’ ಎಂದು ಒಂದು ಸಾಲು, ‘ಮಾರ್ಗದರ್ಶಕರ ಹೆಸರು’ ಎಂದು ಇನ್ನೊಂದು. ಪಿಎಚ್.ಡಿ. ಮಾಡದವನಿಗೆ ಇಲ್ಲಿ ಎಂತ ಕೆಲಸ ಎಂದು ಫಾರಂ ಕೇಳಿದ ಹಾಗೆ ಇತ್ತು. ಮಾರ್ಗದರ್ಶಕರ ಜಾಗದಲ್ಲಿ ಗೆರೆ ಎಳೆದು ಕೊಟ್ಟೆ. ಕೌಂಟರಿನ ಹುಡುಗಿ ಅದನ್ನು ನೋಡಿ, ‘ಸರ್, ಗೈಡ್ ಇಲ್ಲದಿದ್ದರೆ ಗ್ರಂಥಪಾಲಕರ ಸಹಿ ಬೇಕಾಗ್ತದೆ, ನೀವು ಕೂತ್ಕೊಳ್ಳಿ, ನಾನೇ ಮಾಡಿಸ್ತೇನೆ’ ಎಂದಳು, ಮಾಡಿಸಿಯೂ ಕೊಟ್ಟಳು. ಚೀಲ ಹೊರಗೆ ಇಡಬೇಕು, ಪೆನ್ನು ಒಯ್ಯುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಇದು ಒಳ್ಳೆಯ ನಿಯಮ. ಕಾಗದದ ಮೇಲೆ ಶಾಯಿ ಬಿದ್ದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ತೋರಿಸುವುದು ಗಾಜಿನ ಕಪಾಟು. ಅದರಲ್ಲಿ ತಾಳೆಗರಿ ಕಟ್ಟುಗಳಿವೆ, ತುಳು ಲಿಪಿ ಅಥವಾ ತಿಗಳಾರಿ ಎನ್ನುವ ಲಿಪಿಯವು. ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ ಗಾಜಿನ ಹೊರಗೂ ಬರುತ್ತದೆ. ಪಕ್ಕದಲ್ಲಿ 1894ರಲ್ಲಿ ಇಲ್ಲೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು, ಅದೇ ವರ್ಷ ಮೊದಲ ಸಂಪುಟ ಬಂದ ದಕ್ಷಿಣ ಕನ್ನಡ ಜಿಲ್ಲೆಯ ಮ್ಯಾನ್ಯುಯಲ್ (ಸರಕಾರದ ಜಿಲ್ಲಾ ಕೈಪಿಡಿ). ಈ ಎರಡು ಪುಸ್ತಕಗಳೂ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಇದಕ್ಕಾಗಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹತ್ತಬೇಕಾಗಿಲ್ಲ.

ಕಪಾಟಿನಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದೇ, ‘ಮಂಗಳೂರ ಸಮಾಚಾರ’ದ ಪಡಿಯಚ್ಚು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ಎಂದು ಎಲ್ಲರಿಗೂ ಗೊತ್ತು, ಪತ್ರಿಕಾ ದಿನಾಚರಣೆಯಲ್ಲಿ ಪ್ರತಿವರ್ಷ ಭಾಷಣ ಕೇಳಿ ಕೇಳಿ ಬಾಯಿಪಾಠವಾಗಿದೆ. ಭಾಷಣದವರು ಹೇಳದ ಒಂದು ಸಂಗತಿ, ಅದರಲ್ಲಿ ಒಂದು ಮೊಳೆಯೂ ಇಲ್ಲ. ಅದು ಕಲ್ಲಚ್ಚು. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿದರೆ ಬರಹ ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಹಾಗಾಗಿ ಆ ನಾಲ್ಕು ಪುಟವೂ ಯಾರದೋ ಕೈಬರಹ. ಒಂದೇ ಸಾಲಿನ ಎರಡು ‘ಕ’ ಒಂದರ ಹಾಗೆ ಇನ್ನೊಂದು ಇಲ್ಲ. ಸಾಲು ಮುಗಿಯುವಲ್ಲಿ ಜಾಗ ಸಾಲದೆ ಅಕ್ಷರಗಳನ್ನು ಒತ್ತಿ ಒತ್ತಿ ಕೂರಿಸಿದ್ದಾರೆ. ಮೊಳೆ ಸಾಲಾಗಿ ಜೋಡಿಸುವ ನಮ್ಮ ಸ್ಟಿಕ್‌ನಲ್ಲಿ ಸಾಲು ತುಂಬದಿದ್ದರೆ ಸ್ಪೇಸು ತುರುಕುತ್ತಿದ್ದೆವು, ಹೆಚ್ಚಾದರೆ ಪದವನ್ನು ಮುರಿಯುತ್ತಿದ್ದೆವು. ಬರೆದವನಿಗೆ ಆ ರಗಳೆಯೇ ಇರಲಿಲ್ಲ. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಅಲ್ಲಿ ಮೊಳೆ ಇತ್ತು.

ಸರಿ, ಕಪಾಟು ಮುಗಿಯಿತು. ಮುಂದೆ ಏನು ಕೇಳಬೇಕೆಂಬುದೇ ಇಲ್ಲಿ ಮುಖ್ಯ. ಕಂಪ್ಯೂಟರ್ ಕ್ಯಾಟಲಾಗಿನಲ್ಲಿ ಹುಡುಕಿದರೆ ಪುಸ್ತಕಗಳು ಮಾತ್ರ ಬರುತ್ತವೆ. ಆದರೆ ಒಳಗಿನ ಕೋಣೆಯ ಕಬ್ಬಿಣದ ರ‍್ಯಾಕಿನ ಕೆಳಸಾಲಿನಲ್ಲಿ ರಟ್ಟಿನ ಪೆಟ್ಟಿಗೆಗಳಿವೆ, ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಇತರೆ’ ಎಂದು ಬರೆದಿದೆ. ಅದರ ಸುದ್ದಿ ಎತ್ತಿದಾಗ ಅಲ್ಲಿನ ಹಿರಿಯ ಅಟೆಂಡರ್, ‘ಅದೆಲ್ಲ ಹಾಳು ಪೇಪರ್ ಅಣ್ಣ, ಲಿಸ್ಟ್‌ನಲ್ಲಿ ಇಲ್ಲ’ ಎಂದರು. ಲಿಸ್ಟ್‌ನಲ್ಲಿ ಇಲ್ಲದಿರುವುದೇ ನನಗೆ ಬೇಕು ಎಂದೆ. ನಕ್ಕರು, ಒಂದು ಪೆಟ್ಟಿಗೆ ಎಳೆದು ಧೂಳು ಕೊಡವಿ ಮೇಜಿನ ಮೇಲೆ ಇಟ್ಟರು. ಆ ಮೇಲೆ ಹೋದಾಗಲೆಲ್ಲ ಇನ್ನೊಂದನ್ನು ಕೇಳದೆಯೇ ತಂದಿಟ್ಟಿದ್ದಾರೆ. ಯಾವ ಪೆಟ್ಟಿಗೆಯಲ್ಲಿ ಯಾವುದಿದೆ ಎಂಬುದು ಅವರ ತಲೆಯಲ್ಲಿ ಮಾತ್ರ ಇದೆ, ಅವರ ನಿವೃತ್ತಿಯೋ ಹತ್ತಿರದಲ್ಲಿದೆ. ಈ ವಿಭಾಗದ ಬಗ್ಗೆ ನನಗಿರುವ ದೊಡ್ಡ ಆತಂಕ ಇದೇ.

ಎಂತದ್ದೆಲ್ಲ ಇದೆ ಅಂತೀರಿ! ಕಾಲೇಜು ಡೇ ಆಮಂತ್ರಣ, ನಾಟಕದ ಟಿಕೆಟು, ಹಾಸ್ಟೆಲಿನ ಮೆಸ್ ಬಿಲ್ಲು, ಅಂತರ ಕಾಲೇಜು ಚರ್ಚಾಸ್ಪರ್ಧೆಯ ಪ್ರಕಟಣೆ, ವಿದ್ಯಾರ್ಥಿ ಸಂಘದ ಚುನಾವಣೆಯ ಕರಪತ್ರ, 1974ರ ನೇತ್ರಾವತಿ ನೆರೆಯ ಸಂತ್ರಸ್ತರಿಗಾಗಿ ಹುಡುಗರು ಬಟ್ಟೆ, ಅಕ್ಕಿ ಒಟ್ಟುಗೂಡಿಸಿದ ರಸೀದಿ ಪುಸ್ತಕದ ಅರ್ಧ. ನಿವೃತ್ತ ಅಧ್ಯಾಪಕರ ಮನೆಗಳಿಂದ ಪುಸ್ತಕ ದಾನವಾಗಿ ಬಂದಾಗ ಅವುಗಳ ಸಂದಿಯಲ್ಲಿ ಸೇರಿಕೊಂಡು ಬಂದದ್ದು ಇವೆಲ್ಲ. ಒಬ್ಬ ಪುಣ್ಯಾತ್ಮರು ಎಂದೋ ಬಿಸಾಡದೆ ತೆಗೆದಿಟ್ಟಿದ್ದಾರೆ.

ಇಂಥ ಕಾಗದಗಳಲ್ಲಿ ಇಸವಿ ಇರುವುದು ಕಡಿಮೆ. ‘ತಾ. 14, ಸಾಯಂಕಾಲ 5 ಗಂಟೆಗೆ’ ಎಂದಷ್ಟೇ ಇರುತ್ತದೆ, ಆಗಿನವರಿಗೆ ಅಷ್ಟು ಸಾಕಿತ್ತು. ಆದರೂ ಇಸವಿ ಹಿಡಿಯುವ ಉಪಾಯಗಳಿವೆ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲಿಗಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ ಅಲ್ಲಿಂದ 1964ರ ಒಳಗಿನದು, ಆಮೇಲೆ ‘ನಯಾ’ ಬಿದ್ದುಹೋಯಿತು. ಜಿಲ್ಲೆಯ ಮುಂದೆ ಮದ್ರಾಸ್ ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಮೊದಲು, ‘ಮೈಸೂರು ರಾಜ್ಯ’ ಎಂದಿದ್ದರೆ ಆಮೇಲಿನ ಹದಿನೇಳು ವರ್ಷಗಳಲ್ಲಿ, ‘ಕರ್ನಾಟಕ’ ಎಂದಿದ್ದರೆ 1973ರ ನವೆಂಬರ್ ಕಳೆದ ಮೇಲೆ. ವಿಳಾಸದಲ್ಲಿ ಹಳೆ ಅಂಚೆ ವಲಯದ ಸಂಖ್ಯೆ ‘ಮಂಗಳೂರು-3’ ಎಂದಿದ್ದರೆ ಹಳತು, ‘575003’ ಎಂದಿದ್ದರೆ 1972ರ ಆಗಸ್ಟ್ 15ರ ಈಚಿನದು, ಪಿನ್‌ಕೋಡ್ ಬಂದದ್ದೇ ಅವತ್ತು. ಆದರೆ ಹಳೆ ರೂಢಿಯವರು ಎಂಬತ್ತರ ದಶಕದಲ್ಲೂ ‘ಮಂಗಳೂರು-3’ ಎಂದೇ ಅಚ್ಚು ಹಾಕಿಸುತ್ತಿದ್ದರು, ನಾವು ಹಾಕಿಕೊಡುತ್ತಿದ್ದೆವು. ಹಾಗಾಗಿ ಪಿನ್‌ಕೋಡ್ ಇದ್ದರೆ ನಂಬಬಹುದು, ಇಲ್ಲದ್ದನ್ನು ನಂಬಬಾರದು. ಬ್ಯಾಂಕಿನ ಜಾಹೀರಾತು ಇದ್ದರಂತೂ ಬಹಳ ಸುಲಭ: ‘ಕೆನರಾ ಬ್ಯಾಂಕ್ ಲಿಮಿಟೆಡ್’ ಎಂದಿದ್ದರೆ 1969ರ ಜುಲೈ 19ರ ರಾಷ್ಟ್ರೀಕರಣಕ್ಕೆ ಮೊದಲು ಕೊಟ್ಟ ಜಾಹೀರಾತು.

ಈಗ ಒಂದು ಕರಪತ್ರದ ಕತೆ ಹೇಳುತ್ತೇನೆ. ಬಸ್ಸಿನ ರಿಯಾಯಿತಿ ದರದ ವಿಷಯದಲ್ಲಿ ತರಗತಿ ಬಹಿಷ್ಕಾರಕ್ಕೆ ಕರೆ ಕೊಟ್ಟದ್ದು. ಒಂದೇ ಮಗ್ಗುಲು ಅಚ್ಚು, ತೆಳ್ಳಗಿನ ಹಳದಿ ಕಾಗದ, ಮಡಚಿದಲ್ಲಿ ಹರಿದಿದೆ. ‘ವಿದ್ಯಾರ್ಥಿ ಬಂಧುಗಳೇ’ ಎಂದು ದಪ್ಪ ಅಕ್ಷರದ ತಲೆಬರಹ. ‘ನವೆಂಬರ್ ತಾ. 12, ಬುಧವಾರ’ ಎಂದಿದೆ, ಇಸವಿ ಇಲ್ಲ. ಕೊನೆಯ ಸಾಲಿನಲ್ಲಿ ಪ್ರೆಸ್ಸಿನ ಹೆಸರೂ ಇಲ್ಲ. ಗಲಾಟೆ ಕರಪತ್ರಕ್ಕೆ ಹೆಸರು ಹಾಕಬೇಡಿ ಎಂದು ಗಿರಾಕಿಯೇ ಹೇಳುತ್ತಿದ್ದದ್ದುಂಟು, ಯಜಮಾನರಿಗೂ ಪೊಲೀಸರ ಹೆದರಿಕೆ. ಕಾಯ್ದೆಗೆ ವಿರುದ್ಧವೇ, ಆದರೆ ನಡೆಯುತ್ತಿತ್ತು.

ಆದರೆ ಆ ‘ವಿ’ ನನಗೆ ಗೊತ್ತಿತ್ತು. 24 ಪಾಯಿಂಟ್ ಗಾತ್ರದ ‘ವಿ’, ಗುಡಿಸಿನ, ಅಂದರೆ ಮೇಲಿನ ‘ಇ’ಕಾರದ ಗುರುತಿನ, ಬಲಮಗ್ಗುಲು ಒಂದು ಚೂರು ಹಾರಿಹೋಗಿದೆ. ತಲೆಬರಹದ ದಪ್ಪ ಮೊಳೆಗಳು ದುಬಾರಿ, ಸಣ್ಣ ಪ್ರೆಸ್ಸಿನಲ್ಲಿ ಒಂದೊಂದು ಅಕ್ಷರಕ್ಕೆ ಎರಡೋ ಮೂರೋ ಇರುತ್ತಿದ್ದವು. ನಮ್ಮಲ್ಲಿ ‘ವಿ’ ಒಂದೇ ಉಳಿದಿತ್ತು. ವಿವಾಹ ಮಹೋತ್ಸವಕ್ಕೂ ಅದೇ, ವಿಜ್ಞಾಪನೆಗೂ ಅದೇ, ವಿಶೇಷ ಆಟ ಎನ್ನುವ ಯಕ್ಷಗಾನದ ಹ್ಯಾಂಡ್‌ಬಿಲ್ಲಿಗೂ ಅದೇ. ಆ ಮೊಳೆಯನ್ನು ನಾನು ಎಷ್ಟು ಸಲ ಮೊಳೆ ಇಡುವ ಕೇಸಿನಿಂದ ಎತ್ತಿದ್ದೇನೋ. ಹಾಗಾಗಿ ಈ ಕರಪತ್ರ ನಮ್ಮ ಪ್ರೆಸ್ಸಿನಲ್ಲೇ ಹುಟ್ಟಿದ್ದು, ಅದರಲ್ಲಿ ಅನುಮಾನ ಇಲ್ಲ.

ಇಸವಿ? ನವೆಂಬರ್ 12 ಬುಧವಾರ ಬಂದ ವರ್ಷಗಳನ್ನು ಮೊಬೈಲಿನ ಕ್ಯಾಲೆಂಡರಿನಲ್ಲಿ ನೋಡಿದರೆ 1969, 1975, 1980, 1986 ಸಿಗುತ್ತವೆ. ಒಳಗೆ ‘ಕರ್ನಾಟಕ ಸರಕಾರ’ ಎಂದಿರುವುದರಿಂದ 1969 ಹೋಯಿತು. 1975ರ ನವೆಂಬರಿನಲ್ಲಿ ತುರ್ತುಪರಿಸ್ಥಿತಿ, ಊರಿಗೆ ಊರೇ ಬಾಯಿ ಮುಚ್ಚಿ ಕೂತಿದ್ದಾಗ ಬಸ್ ಪಾಸಿಗೆ ಯಾರು ಬಹಿಷ್ಕಾರ ಹೂಡುತ್ತಾರೆ? ಉಳಿದದ್ದು 1980, 1986. ನನ್ನ ತಂಗಿಯ ಮದುವೆಯ ಕಾಗದ 1983ರದ್ದು, ನಾನೇ ಜೋಡಿಸಿದ್ದು, ಮನೆಯಲ್ಲಿ ಈಗಲೂ ಇದೆ. ಅದರಲ್ಲಿ ‘ವಿ’ಯ ಗುಡಿಸು ಇಡಿಯಾಗಿದೆ. ಮೊಳೆ ಒಡೆದದ್ದು ಅದರ ನಂತರ. ಹಾಗಾದರೆ 1986.

ಅಟೆಂಡರಿಗೆ ಇದನ್ನು ವಿವರಿಸಿದಾಗ ಅವರು ಗ್ರಂಥಪಾಲಕರನ್ನೇ ಕರೆತಂದರು. ಅವರು ಕರಪತ್ರವನ್ನೂ, ನಾನು ಮರುಸಲ ತಂದ ಲಗ್ನಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿ, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಇಸವಿ, ಪ್ರೆಸ್ಸಿನ ಹೆಸರು, ಆಧಾರ ಎಲ್ಲ ಬರೆದು ಕರಪತ್ರದ ಜೊತೆ ಇಟ್ಟರು. ಲಗ್ನಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಹಿಂದೆ ಕೊಟ್ಟರು. ಒಬ್ಬ ಹೊರಗಿನವನ ಮಾತನ್ನು ಕೂತು ಕೇಳಿ ದಾಖಲೆಗೆ ಸೇರಿಸುವ ವ್ಯವಧಾನ ನಮ್ಮ ಕಚೇರಿಗಳಲ್ಲಿ ಎಷ್ಟು ಕಡೆ ಇದೆ ಹೇಳಿ.

ಇನ್ನು ದೂರು. ದೊಡ್ಡದು ಬೈಂಡಿಂಗಿನದ್ದು. ಕಾಲೇಜು ವಾರ್ಷಿಕ ಸಂಚಿಕೆಗಳನ್ನು ಐದೈದು ವರ್ಷಕ್ಕೆ ಒಂದರಂತೆ ದಪ್ಪ ರಟ್ಟು ಹಾಕಿ ಬೈಂಡ್ ಮಾಡಿಸಿದ್ದಾರೆ. ಮಾಡಿಸುವಾಗ ಮುಖಪುಟಗಳನ್ನು ಕಿತ್ತು ಹಾಕಿದ್ದಾರೆ, ಹಿಂದೆ ಮುಂದೆ ಇದ್ದ ಜಾಹೀರಾತು ಪುಟಗಳನ್ನೂ ತೆಗೆದಿದ್ದಾರೆ, ಮೂರು ಅಂಚನ್ನು ಕತ್ತರಿಸಿ ಸಮ ಮಾಡಿದ್ದಾರೆ. ಪ್ರೆಸ್ಸಿನ ಹೆಸರು ಇರುವುದು ಹಿಂಬದಿಯ ರಕ್ಷಾಪುಟದ ಅಡಿಯಲ್ಲಿ, ಇಲ್ಲವೇ ಕೊನೆಯ ಪುಟದ ಕೆಳ ಅಂಚಿನಲ್ಲಿ. ಎರಡೂ ಬ್ಲೇಡಿಗೆ ಬಲಿ. ‘ಕುಮಾರಿ ಇಂಥವಳ ಪ್ರವಾಸದ ಅನುಭವ’, ‘ಸಮಯದ ಮಹತ್ವ’ ಎಂಬ ಪ್ರಬಂಧಗಳನ್ನು ಜೋಪಾನ ಮಾಡಿ, ಊರಿನ ಆರ್ಥಿಕ ಚರಿತ್ರೆಯನ್ನು ರದ್ದಿಗೆ ಹಾಕಿದ ಹಾಗಾಯಿತು. ಲೈಬ್ರರಿ ಬೈಂಡಿಂಗಿನಲ್ಲಿ ಇದು ಎಲ್ಲ ಕಡೆಯ ಹಳೆ ಚಾಳಿ, ಇವರೊಬ್ಬರದ್ದೇ ಅಲ್ಲ. ಆದರೂ ಹೊಟ್ಟೆ ಉರಿಯುತ್ತದೆ.

ಜಾಹೀರಾತಿನಲ್ಲಿ ಎಂತ ಇದೆ ಅಂದರೆ, ಊರು ಇದೆ. ಬೈಂಡಿಂಗಿನಿಂದ ತಪ್ಪಿಸಿಕೊಂಡ ಬಿಡಿ ಸಂಚಿಕೆಗಳು ‘ಇತರೆ’ ಪೆಟ್ಟಿಗೆಯಲ್ಲಿ ಕೆಲವು ಸಿಕ್ಕವು. ಹೆಂಚಿನ ಕಾರ್ಖಾನೆಯವರು ಇಡೀ ಪುಟ ಕೊಟ್ಟಿದ್ದಾರೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚು ಸುಡಲು ಶುರುಮಾಡಿದ ಮೇಲೆ ನದಿದಂಡೆಯಲ್ಲೆಲ್ಲ ಚಿಮಣಿ ಎದ್ದದ್ದನ್ನು ನಾವು ಕೇಳಿದ್ದೇವೆ, ಆದರೆ ಯಾವ ಕಾರ್ಖಾನೆ ಯಾವ ವರ್ಷದವರೆಗೆ ಜಾಹೀರಾತಿಗೆ ದುಡ್ಡು ಕೊಡುವಷ್ಟು ಗಟ್ಟಿಯಾಗಿತ್ತು, ಯಾವಾಗ ಅರ್ಧ ಪುಟಕ್ಕೆ ಇಳಿಯಿತು, ಯಾವಾಗ ‘ಹಿತೈಷಿಗಳಿಂದ’ ಎಂಬ ಒಂದು ಸಾಲಾಯಿತು, ಇದನ್ನು ಹೇಳುವುದು ಈ ಪುಟಗಳೇ. ಬೀಡಿ, ಗೋಡಂಬಿ, ಕಾಫಿ ಕ್ಯೂರಿಂಗ್, ಬಸ್ಸು ಕಂಪೆನಿ, ಜವಳಿ ಅಂಗಡಿ ಎಲ್ಲ ಹೀಗೆಯೇ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ, ಐದು ಬ್ಯಾಂಕುಗಳು ಈ ನೆಲದಲ್ಲಿ ಹುಟ್ಟಿದವು. ಒಂದು ಸಂಚಿಕೆಯಲ್ಲಿ ಐದೂ ಬ್ಯಾಂಕಿನ ಜಾಹೀರಾತು ಸಾಲಾಗಿ ಇವೆ, ಈಗ ಅವುಗಳಲ್ಲಿ ಸ್ವಂತ ಹೆಸರಿನಲ್ಲಿ ಉಳಿದದ್ದು ಎರಡು. ಬೈಂಡರು ಕಿತ್ತು ಬಿಸಾಡಿದ ಪುಟಗಳಲ್ಲಿ ಇನ್ನೆಷ್ಟು ಇತ್ತೋ.

ಫೋಟೊ ತೆಗೆಯುವ ನಿಯಮವೂ ಸ್ವಲ್ಪ ವಿಚಿತ್ರ. ಮೊಬೈಲಿನಲ್ಲಿ ತೆಗೆಯುವಂತಿಲ್ಲ, ಅವರೇ ಸ್ಕ್ಯಾನ್ ಮಾಡಿಕೊಡಬೇಕು, ಪುಟಕ್ಕೆ ಇಷ್ಟು ಎಂದು ಚಲನ್ ಕಟ್ಟಬೇಕು. ದರ ಹೆಚ್ಚೇನಲ್ಲ. ಆದರೆ ಚಲನ್ ಕಟ್ಟುವ ಕೌಂಟರ್ ಬೇರೆ ಕಟ್ಟಡದಲ್ಲಿ ಉಂಟು, ಗುಡ್ಡೆ ಇಳಿದು ಹತ್ತಬೇಕು. ನನ್ನ ಪ್ರಾಯದವರಿಗೆ ಅಷ್ಟು ಸುಲಭ ಅಲ್ಲ ಮಾರಾಯ್ರೆ. ಹಳೆ ಕಾಗದಗಳ ಹರಿದ ಜಾಗಕ್ಕೆ ಸೆಲ್ಲೋ ಟೇಪ್ ಅಂಟಿಸಿದ್ದನ್ನೂ ನೋಡಿದೆ. ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದವನ್ನೇ ತಿನ್ನುತ್ತದೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಪೆಟ್ಟಿಗೆಗಳನ್ನು ರ‍್ಯಾಕಿನ ಕೆಳಸಾಲಿನಲ್ಲಿ, ಹೊರಗೋಡೆಗೆ ತಾಗಿಸಿ ಇಡುವುದೂ ಸರಿಯಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಗೋಡೆ ಬೆವರುತ್ತಲೇ ಇರುತ್ತದೆ. ಇವನ್ನೆಲ್ಲ ಅಲ್ಲಿನ ಸಲಹಾ ಪುಸ್ತಕದಲ್ಲಿ ಬರೆದಿದ್ದೇನೆ.

ಇಲ್ಲಿ ಸಿಗದ್ದು ಎಲ್ಲಿ ಸಿಗುತ್ತದೆ ಎಂದೂ ಹೇಳಿಬಿಡುತ್ತೇನೆ. 1956ಕ್ಕಿಂತ ಹಿಂದಿನ ಸರಕಾರಿ ಕಡತ ಬೇಕಿದ್ದರೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೇ ಹೋಗಬೇಕು, ನಮ್ಮದು ಆಗ ಮದ್ರಾಸ್ ಪ್ರಾಂತ. ಇಲ್ಲಿನ ಹಳೆ ಕಾಲೇಜುಗಳ ಪರೀಕ್ಷೆ ಮೊದಲು ನಡೆಸಿದ್ದು ಮದ್ರಾಸ್ ವಿಶ್ವವಿದ್ಯಾನಿಲಯ, ಮಂಗಳೂರು ವಿಶ್ವವಿದ್ಯಾನಿಲಯ ಬಂದದ್ದು 1980ರಲ್ಲಿ. ಕೊಣಾಜೆಯಲ್ಲಿ ಅದಕ್ಕೆ ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಹಾಗಾಗಿ ಒಬ್ಬ ಅಜ್ಜನ ಅಂಕಪಟ್ಟಿ ಹುಡುಕಲು ಹೊರಟರೂ ಮೂರು ಊರು ಸುತ್ತಬೇಕಾದೀತು. ಬಾಸೆಲ್ ಮಿಷನ್ನಿನದ್ದಾದರೆ ಬಲ್ಮಠದ ಥಿಯಾಲಾಜಿಕಲ್ ಕಾಲೇಜು, ಉಡುಪಿ ಕಡೆಯವರಾದರೆ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ. ತುಳು ನಿಘಂಟಿನ ಆರು ಸಂಪುಟಗಳು ಬಂದದ್ದು ಅಲ್ಲಿಂದಲೇ.

ಹೋಗುವುದಾದರೆ ಮಳೆಗಾಲ ಬಿಟ್ಟು, ವಾರದ ನಡುವಿನ ದಿನ ಬೆಳಿಗ್ಗೆ ಹೋಗಿ. ಪರೀಕ್ಷೆ ಹತ್ತಿರ ಇರುವಾಗ ಬೇಡ, ಓದುವ ಕೋಣೆಯ ಮೇಜುಗಳೆಲ್ಲ ಮಕ್ಕಳಿಂದ ತುಂಬಿರುತ್ತವೆ. ಪೆನ್ಸಿಲ್ ಎರಡು ಇರಲಿ, ಒಂದು ಭೂತಗನ್ನಡಿ ಇರಲಿ, ಧೂಳು ಆಗದವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಐದಕ್ಕೆ ಎಷ್ಟು ಅಂಕ ಎಂದರೆ ಸಂಗ್ರಹಕ್ಕೆ ನಾಲ್ಕೂವರೆ, ಸಿಬ್ಬಂದಿಗೆ ಐದು, ಬೈಂಡಿಂಗಿಗೆ ಒಂದು ಕೊಟ್ಟರೆ ಹೆಚ್ಚು. ಕ್ಯಾಂಟೀನಿನ ಬನ್ಸ್ ಚೆನ್ನಾಗಿದೆ, ಆದರೆ ಹನ್ನೊಂದು ಗಂಟೆಯ ಬೆಲ್ಲಿಗೆ ಮೊದಲು ಹೋದವರಿಗೆ ಮಾತ್ರ. ಆಮೇಲೆ ಉಳಿಯುವುದು ಚಹಾ ಮತ್ತು ತಣ್ಣಗಾದ ಗೋಳಿಬಜೆ.